ಹಳೇ ಸಿನಿಮಾದ ಬರಹಗಾರ-ನಿರ್ದೇಶಕರ ಬಗ್ಗೆ ಬರೀಬೇಕಾ? ಟೈಟಲ್ ಕಾರ್ಡಿಂದ ಶುರು ಮಾಡಿ

ಊರಿನ ಸಂಘದ ಸ್ಮರಣ ಸಂಚಿಕೆಗೋ, ಕಾಲೇಜು ಮ್ಯಾಗಜಿನ್ನಿಗೋ, ಹಳೇ ಪಿಕ್ಚರ್ ಹಾಕೋ ದಿನ ಹಂಚೋ ನಾಕು ಪುಟದ ಹಾಳೆಗೋ "ಒಬ್ಬ ಹಳೇ ನಿರ್ದೇಶಕರ ಬದುಕು ಬರ್ದುಕೊಡಿ" ಅಂತ ಕೇಳೋರು ಈಗ ಶಿರಸಿ ಕಡೆ, ಕುಮಟಾ ಕಡೆ ಸುಮಾರು ಜನ ಇದಾರೆ. ಬರ್ಯೋರೂ ಇದಾರೆ. ಆದ್ರೆ ಬರ್ದಿದ್ದು ಓದಿದ್ರೆ ಎಲ್ಲಾ ಒಂದೇ ನಮೂನೆ, ಬಡತನದಲ್ಲಿ ಹುಟ್ಟಿದರು, ನಾಟಕ ಕಂಪನಿ ಸೇರಿದರು, ಕಷ್ಟಪಟ್ಟರು, ಪ್ರಶಸ್ತಿ ಬಂತು, ಹೋದರು, ಕನ್ನಡ ನಾಡು ಬಡವಾಯಿತು. ಹೆಸರು ಬದಲಾಯ್ಸಿ ಬೇರೆ ಯಾರಿಗೆ ಹಾಕಿದ್ರೂ ನಡೆಯತ್ತೆ ಅಂತಾದ್ರೆ ಅದನ್ನ ಬರೆದು ಎಂತ ಪ್ರಯೋಜನ ಹೇಳಿ.

1940ರಿಂದ 1970ರ ಒಳಗೆ ಕೆಲಸ ಮಾಡಿದ ಬರಹಗಾರ-ನಿರ್ದೇಶಕರ ಬಗ್ಗೆ ಹೇಗೆ ಬರೀಬಹುದು ಅಂತ ಇಲ್ಲಿ ಹೇಳ್ತೀನಿ, ಉದಾಹರಣೆಗೆ ಜಿ.ವಿ. ಅಯ್ಯರ್ ಅವರನ್ನ ಹಿಡ್ಕೊಂಡಿದೀನಿ. ಅವರು ನಮ್ಮ ಉತ್ತರ ಕನ್ನಡ ಜಿಲ್ಲೆಯವರಲ್ಲ, ಹುಟ್ಟಿದ್ದು 1917ರಲ್ಲಿ ನಂಜನಗೂಡಿನಲ್ಲಿ, ತೀರಿಕೊಂಡಿದ್ದು 2003ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ. ಆದ್ರೂ ಅವರ ಕೆಲಸದಲ್ಲಿ ನಮ್ಮ ಕಡೆಯೋರು ಬಂದು ಹೋಗ್ತಾರೆ, ಅದನ್ನ ಮುಂದೆ ಹೇಳ್ತೀನಿ. ಅವರನ್ನೇ ಯಾಕೆ ಅಂದ್ರೆ ಅವರ ಬಗ್ಗೆ ಬಂದ ಬರಹಗಳಲ್ಲಿ ಮುಕ್ಕಾಲು ಪಾಲು ಹಂಸಗೀತೆ, ಆದಿ ಶಂಕರಾಚಾರ್ಯ ಸಿನಿಮಾಗಳು, ಅವರು ಚಪ್ಪಲಿ ಹಾಕದೇ ಬರಿಗಾಲಲ್ಲಿ ಇರ್ತಿದ್ದಿದ್ದು, ಇಷ್ಟೇ ಇರತ್ತೆ, ಅದಕ್ಕಿಂತ ಮುಂಚಿನ ಮೂವತ್ತು ವರ್ಷದ ದುಡಿಮೆ ಒಂದು ವಾಕ್ಯದಲ್ಲಿ ಮುಗಿದು ಹೋಗಿರತ್ತೆ.

ಮೊದಲು ಒಂದು ಪಟ್ಟಿ

ಬರೆಯೋಕೆ ಕೂರೋ ಮುಂಚೆ ಒಂದು ಉದ್ದದ ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್ ತಗೊಳಿ. ಎಡಕ್ಕೆ ವರ್ಷ, ಸಿನಿಮಾ ಹೆಸರು. ಆಮೇಲೆ ಕಥೆ, ಚಿತ್ರಕಥೆ, ಸಂಭಾಷಣೆ, ಹಾಡು, ನಿರ್ದೇಶನ, ನಿರ್ಮಾಣ, ನಟನೆ ಅಂತ ಬೇರೆ ಬೇರೆ ಕಾಲಂ. ಕೊನೆಗೆ "ಎಲ್ಲಿ ನೋಡಿದ್ದು" ಅಂತ ಒಂದು, ಇದು ಬಹಳ ಮುಖ್ಯ. ಯಾರ ಹೆಸರು ಯಾವ ಕಾಲಂನಲ್ಲಿ ಅಂತ ತುಂಬಿಸ್ತಾ ಹೋಗಿ, ಗೊತ್ತಿಲ್ದೇ ಇದ್ರೆ ಖಾಲಿ ಬಿಡಿ, ಅಂದಾಜಿಗೆ ತುಂಬ್ಬೇಡಿ.

ಇಷ್ಟೆಲ್ಲಾ ಕಾಲಂ ಯಾಕೆ ಅಂತ ನಮ್ಮ ಜಿಲ್ಲೆಯೋರಿಗೆ ಬಿಡಿಸಿ ಹೇಳೋದೇ ಬೇಡ. ಯಕ್ಷಗಾನದಲ್ಲಿ ಪ್ರಸಂಗ ಬರೆದವರು ಬೇರೆ, ಹಾಡೋ ಭಾಗವತರು ಬೇರೆ, ಅರ್ಥ (ಅಂದ್ರೆ ಪಾತ್ರದ ಮಾತು) ಹೇಳೋರು ಬೇರೆ, ಅರ್ಥ ಚೆನ್ನಾಗಾಯ್ತು ಅಂತ ಪ್ರಸಂಗಕರ್ತರಿಗೆ ಯಾರೂ ಶಾಲು ಹೊದೆಸೋದಿಲ್ಲ. ಸಿನಿಮಾದಲ್ಲೂ ಹಾಗೇ. ಬೇಡರ ಕಣ್ಣಪ್ಪ (1954) ಅಂದ್ರೆ ಎಲ್ಲರಿಗೂ ರಾಜಕುಮಾರ್ ನೆನಪಾಗ್ತಾರೆ, ಸ್ವಲ್ಪ ತಿಳಿದವರಿಗೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ನೆನಪಾಗ್ತಾರೆ, ಅದರ ಬರವಣಿಗೆಯಲ್ಲಿ ಅಯ್ಯರ್ ಇದ್ದರು, ಅದರಲ್ಲೇ ನಟಿಸಿದ್ದರು ಕೂಡ ಅನ್ನೋದು ಪಟ್ಟಿ ಮಾಡ್ದಾಗ ಮಾತ್ರ ಎದ್ದು ಕಾಣತ್ತೆ. ರಣಧೀರ ಕಂಠೀರವ (1960) ಇನ್ನೂ ಒಳ್ಳೇ ಉದಾಹರಣೆ. ನಿರ್ದೇಶನ ಎನ್.ಸಿ. ರಾಜನ್, ಬರವಣಿಗೆ ಅಯ್ಯರ್, ದುಡ್ಡು ಹಾಕಿದ್ದು ಕನ್ನಡ ಚಲನಚಿತ್ರ ಕಲಾವಿದರ ಸಂಘ, ಆ ಸಂಘದಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಜೊತೆಗೆ ಅಯ್ಯರ್ರೂ ಒಬ್ಬರು. ಅಂದ್ರೆ ಒಂದೇ ಸಿನಿಮಾಕ್ಕೆ ಅವರ ಹೆಸರು ಎರಡು ಮೂರು ಕಾಲಂನಲ್ಲಿ ಬರತ್ತೆ, ಆದ್ರೆ ನಿರ್ದೇಶನದ ಕಾಲಂನಲ್ಲಿ ಬರೋದಿಲ್ಲ. "ಅಯ್ಯರ್ ಅವರ ರಣಧೀರ ಕಂಠೀರವ" ಅಂತ ಬರೆದ್ರೆ ಅರ್ಧ ಸರಿ, ಅರ್ಧ ತಪ್ಪು.

ಇನ್ನೊಂದು, ಹಳೇ ಟೈಟಲ್ಲಿನಲ್ಲಿ (ಸಿನಿಮಾ ಶುರುವಲ್ಲಿ ಕೆಲಸ ಮಾಡಿದವರ ಹೆಸರು ತೋರಿಸೋ ಕಾರ್ಡುಗಳಲ್ಲಿ) "ಸಾಹಿತ್ಯ" ಅಂತ ಒಂದೇ ಮಾತು ಹಾಕಿರ್ತಾರೆ. ಅದು ಕೆಲವು ಸಲ ಸಂಭಾಷಣೆ ಮತ್ತೆ ಹಾಡು ಎರಡೂ ಸೇರಿದ್ದು, ಕೆಲವು ಸಲ ಹಾಡು ಮಾತ್ರ. ಹಾಗಿದ್ದಾಗ ಪಟ್ಟಿಯಲ್ಲೂ "ಸಾಹಿತ್ಯ" ಅಂತಲೇ ಬರೆದಿಡಿ, ನೀವೇ ಬಿಡಿಸೋಕೆ ಹೋಗ್ಬೇಡಿ.

ಟೈಟಲ್ ಓದೋದು

ಯೂಟ್ಯೂಬಿನಲ್ಲಿ ಹಳೇ ಕನ್ನಡ ಸಿನಿಮಾ ಸಾಕಷ್ಟು ಸಿಗತ್ತೆ, ಆದ್ರೆ ಒಂದೇ ಸಿನಿಮಾ ನಾಕೈದು ಚಾನೆಲ್‌ನಲ್ಲಿ ಇದ್ದಾಗ ಸೆನ್ಸಾರ್ ಸರ್ಟಿಫಿಕೇಟಿಂದ ಶುರುವಾಗೋ ಕಾಪಿ ಹುಡುಕಿ. ಸುಮಾರು ಜನ ಟೈಟಲ್ ಕತ್ತರಿಸಿ ನೇರ ಮೊದಲ ಹಾಡಿಗೆ ಹೋಗಿರ್ತಾರೆ, ಇಲ್ಲಾಂದ್ರೆ ಸಹಾಯಕ ನಿರ್ದೇಶಕರ ಹೆಸರಿನ ಮೇಲೇ ತಮ್ಮ ಚಾನೆಲ್ ಲೋಗೋ ಕೂರಿಸಿರ್ತಾರೆ, ಏನು ಮಾಡೋದು ಹೇಳಿ. ಸಿಕ್ಕ ಕಾಪಿಯನ್ನ ಅರ್ಧ ಸ್ಪೀಡಿಗೆ ಇಟ್ಟು ಪ್ರತಿ ಕಾರ್ಡಿಗೂ ನಿಲ್ಲಿಸಿ ಸ್ಕ್ರೀನ್‌ಶಾಟ್ ತಗೊಳಿ, ಸಿನಿಮಾ ಹೆಸರು, ವರ್ಷ ಹಾಕಿ ಒಂದು ಫೋಲ್ಡರ್‌ನಲ್ಲಿ ಇಡಿ. ದೊಡ್ಡ ಹೆಸರು ಮಾತ್ರ ಅಲ್ಲ, ಕೆಳಗಿನ ಸಣ್ಣಕ್ಷರವನ್ನೂ ಓದಿ. ಇವತ್ತಿನ ನಿರ್ದೇಶಕ ಆವತ್ತು ಯಾರ ಕೈಕೆಳಗೆ ಸಹಾಯಕ ಆಗಿದ್ದ ಅನ್ನೋದು ಆ ಸಣ್ಣಕ್ಷರದಲ್ಲೇ ಇರೋದು.

ಸರ್ಟಿಫಿಕೇಟಿನಲ್ಲಿ ತಾರೀಖು, ರೀಲು, ಉದ್ದ ಇರತ್ತೆ. ಉದ್ದ ಅಡಿಯಲ್ಲಿದ್ರೆ 90ರಿಂದ ಭಾಗಿಸಿ, ಮೀಟರ್‌ನಲ್ಲಿದ್ರೆ 27.4ರಿಂದ ಭಾಗಿಸಿ, ನಿಮಿಷ ಸಿಕ್ತು. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಓಡೋದು, ಒಂದು ಅಡಿಗೆ 16 ಚಿತ್ರ, ಅಲ್ಲಿಂದ ಬಂದ ಲೆಕ್ಕ ಇದು. ಈಗ 4,500 ಮೀಟರ್ ಅಂತ ಇದ್ರೆ ಸುಮಾರು 164 ನಿಮಿಷ ಆಯ್ತು. ನಿಮ್ಮ ಹತ್ರ ಇರೋ ಕಾಪಿ 157 ನಿಮಿಷ ಇದ್ರೆ ಗಾಬರಿ ಬೇಡ, ಟೀವಿಗೆ ಹಾಕುವಾಗ ಸೆಕೆಂಡಿಗೆ 25 ಚಿತ್ರದಂತೆ ಓಡಿಸಿ ಅಷ್ಟು ಕಮ್ಮಿ ಆಗಿರತ್ತೆ, ಏನೂ ಕತ್ತರಿಸಿಲ್ಲ. 130 ನಿಮಿಷ ಇದ್ರೆ ಮಾತ್ರ ಅರ್ಧ ಗಂಟೆ ಎಲ್ಲೋ ಹೋಗಿದೆ ಅಂತ ಅರ್ಥ, ಆಗ "ಚಿತ್ರಕಥೆ ಬಿಗಿಯಾಗಿದೆ", "ಕೊನೆ ಅವಸರದ್ದಾಯ್ತು" ಅಂತೆಲ್ಲ ವಿಮರ್ಶೆ ಬರೆಯೋ ಮುಂಚೆ ಸ್ವಲ್ಪ ತಡೀರಿ. ಕತ್ತರಿ ಹಾಕಿದ್ದು ನಿರ್ದೇಶಕರೋ ಚಾನೆಲ್ಲಿನವರೋ ಯಾರಿಗ್ಗೊತ್ತು.

ಸಿನಿಮಾನೇ ಸಿಗದಿದ್ರೆ? 1940ರ ದಶಕದ್ದು ಬಹಳಷ್ಟು ಸಿಗೋದಿಲ್ಲ. ಆಗಿನ ನೈಟ್ರೇಟ್ ಫಿಲ್ಮು ಬೇಗ ಹಾಳಾಗ್ತಿತ್ತು, ಬೆಂಕಿ ಹತ್ತಿದ್ರೆ ಆರಿಸೋಕೆ ಆಗ್ತಿರ್ಲಿಲ್ಲ, ಉಳಿದ ಹಳೇ ಪ್ರಿಂಟುಗಳನ್ನ ಅದರಲ್ಲಿರೋ ಬೆಳ್ಳಿಗೋಸ್ಕರ ಕರಗಿಸಿದ್ದೂ ಉಂಟು. ಆಗ ನಿಮ್ಮ ಕೈಹಿಡಿಯೋದು ಹಾಡಿನ ಪುಸ್ತಕ, ಟಾಕೀಸಿನಲ್ಲಿ ಇಂಟರ್ವಲ್ಲಿಗೆ ಮಾರ್ತಿದ್ರಲ್ಲ ಅದು. ನಾಕಾಣೆ ಎಂಟಾಣೆಯ ಹಾಳೆ ಅಂತ ಸಸಾರ ಮಾಡ್ಬೇಡಿ, ಒಳಗಿನ ಮೊದಲ ಪುಟದಲ್ಲಿ ತಂಡದ ಪಟ್ಟಿ, ಆಮೇಲೆ ಕಥೆಯ ಸಾರಾಂಶ ("ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ" ಅಂತ ನಿಲ್ಲಿಸೋದು, ಗೊತ್ತಲ್ಲ), ಆಮೇಲೆ ಹಾಡುಗಳು. ಪುಣೆಯಲ್ಲಿರೋ ರಾಷ್ಟ್ರೀಯ ಫಿಲ್ಮ್ ಆರ್ಕೈವ್, 1964ರಲ್ಲಿ ಶುರುವಾಗಿದ್ದು, ಅಲ್ಲಿ ಸಿನಿಮಾ ಮಾತ್ರ ಅಲ್ಲದೆ ಹಾಡಿನ ಪುಸ್ತಕ, ಪೋಸ್ಟರ್, ಸ್ಟಿಲ್ಲು ಕೂಡ ಕಾಪಾಡ್ತಾರೆ. ಮೊದಲು ಈಮೇಲ್ ಮಾಡಿ, ಬೇಕಾದ ಸಿನಿಮಾ ಹೆಸರು ವರ್ಷ ಸಮೇತ ಬರೆದು, ಉತ್ತರ ಬಂದ ಮೇಲೇ ಹೊರಡಿ.

ಅದಕ್ಕೂ ಮುಂಚೆ ಮನೆಯ ಮೆತ್ತಿನ ಮೇಲಿನ ಟ್ರಂಕು ನೋಡಿ, ಅಜ್ಜಿಯ ಹಾಡಿನ ಪುಸ್ತಕಗಳ ಮಧ್ಯೆ ಸಂಪ್ರದಾಯದ ಹಾಡಿನ ಜೊತೆಗೇ ಸಿನಿಮಾ ಪುಸ್ತಕ ಸೇರ್ಕೊಂಡಿರತ್ತೆ. ನಮ್ಮ ಮಳೆಗೆ ಹಾಳೆ ಬೂಸ್ಟು ಹಿಡ್ದು ಅಂಟ್ಕೊಂಡಿದ್ರೆ ಎಳೆದು ಬಿಡಿಸ್ಬೇಡಿ, ಬಿಸಿಲಿಗೂ ಹಾಕ್ಬೇಡಿ. ಗಾಳಿ ಆಡೋ ನೆರಳಲ್ಲಿ ಒಂದೆರಡು ದಿನ ಬಿಟ್ಟು, ತೆಳುವಾದ ಸ್ಕೇಲು ತೂರಿಸಿ ನಿಧಾನ ಬಿಡಿಸಿ, ಕಿಟಕಿ ಹತ್ರ ಇಟ್ಟು ಮೊಬೈಲಲ್ಲಿ ಫೋಟೋ ಹೊಡೀರಿ. ಹರಿದಲ್ಲಿ ಸೆಲ್ಲೋಟೇಪು ಹಚ್ಚೋದು, ಲ್ಯಾಮಿನೇಶನ್ ಮಾಡ್ಸೋದು ಎರಡೂ ಬೇಡ, ಇನ್ನು ಹತ್ತು ವರ್ಷಕ್ಕೆ ಹಳದಿ ಕಲೆ ಮಾತ್ರ ಉಳಿಯತ್ತೆ.

ಹಿರಿಯರನ್ನ ಕೇಳೋದು

ಇದು ಎಲ್ಲಕ್ಕಿಂತ ಖುಷಿಯ ಕೆಲಸ, ಹಾಗೇ ಎಲ್ಲಕ್ಕಿಂತ ಹೆಚ್ಚು ಯಡವಟ್ಟಾಗೋದೂ ಇಲ್ಲೇ. ಉತ್ತರ ಕನ್ನಡ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಲ್ಲಿತ್ತು ಅನ್ನೋದನ್ನ ತಲೇಲಿ ಇಟ್ಕೊಳಿ. ಕನ್ನಡ ಸಿನಿಮಾ ತಯಾರಾಗ್ತಿದ್ದಿದ್ದು ಹೆಚ್ಚಾಗಿ ಮದ್ರಾಸಿನಲ್ಲಿ, ಮೊದಲು ಓಡ್ತಿದ್ದಿದ್ದು ಬೆಂಗಳೂರು ಮೈಸೂರಲ್ಲಿ, ಕಾರವಾರ ಅಂಕೋಲಾದ ಹಿರಿಯರನ್ನ ಕೇಳಿದ್ರೆ ಮರಾಠಿ ಹಿಂದಿ ಪಿಕ್ಚರ್ ನೆನಪೇ ಮೊದಲು ಬರೋದು. ಅದೂ ಕತೆಯ ಒಂದು ಭಾಗವೇ, ಬಿಡ್ಬೇಡಿ, ಬರ್ಕೊಳಿ.

"ಯಾವ ಇಸವಿ ಅಜ್ಜ?" ಅಂತ ಕೇಳಿದ್ರೆ ಬಾಯಿಗೆ ಬಂದ ಇಸವಿ ಹೇಳ್ತಾರೆ, ಕೇಳಿದವರಿಗೆ ಬೇಜಾರಾಗ್ಬಾರ್ದು ಅಂತ. ಅದರ ಬದಲು ಬೇರೆ ಗೂಟಕ್ಕೆ ಕಟ್ಟಿ ಕೇಳಿ. ಶಿರಸಿ ಕಡೆ ಆದ್ರೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟು ಹೊಡೀತಾವೆ, ಹಾಗಾಗಿ "ಜಾತ್ರೆ ವರ್ಷವಾ, ಅಲ್ದಾ?" ಅಂದ ತಕ್ಷಣ ಅರ್ಧ ವರ್ಷಗಳು ಪಟ್ಟಿಯಿಂದ ಹೊರಗೆ. ಕಾರವಾರದಲ್ಲಿ "ಗೋವಾ ಬಿಡುಗಡೆ ಮುಂಚೆಯಾ ಆಮೇಲಾ?" ಅಂತ ಕೇಳಿ, 1961ರ ಡಿಸೆಂಬರ್ ಅಲ್ಲಿ ಯಾರಿಗೂ ಮರೆಯೋದಿಲ್ಲ. ಎಲ್ಲಾ ಕಡೆ ನಡೆಯೋ ಪ್ರಶ್ನೆ ಮನೆಯ ಲೆಕ್ಕ.

"ಅಜ್ಜ, ಆ ಪಿಕ್ಚರ್ ನೋಡಿದಾಗ ದೊಡ್ಡಪ್ಪ ಹುಟ್ಟಿದ್ನಾ?"

"ಇಲ್ಲೆ ತಮಾ, ಅಂವ ಹುಟ್ಟಿದ್ದು ಮರುವರ್ಷದ ಮಳೆಗಾಲಕ್ಕೆ. ಆಗ ನಿನ್ನ ಅಜ್ಜಿ ತವರಿಗೆ ಹೋಗಿತ್ತು, ನಾ ಒಬ್ನೇ ಗಾಡಿ ಕಟ್ಕಂಡು ಹೋಗಿದ್ದಿ."

ದೊಡ್ಡಪ್ಪನ ಶಾಲೆ ಸರ್ಟಿಫಿಕೇಟ್ ತೆಗೀರಿ, ಹುಟ್ಟಿದ ತಾರೀಖಿಂದ ಒಂದು ವರ್ಷ ಹಿಂದೆ ಹೋಗಿ. (ಶಾಲೆ ಸರ್ಟಿಫಿಕೇಟಿನ ತಾರೀಖು ಮಾಸ್ತರರು ಜೂನ್ 1 ಅಂತ ಹಾಕಿದ್ದಾಗಿದ್ರೆ ಆ ಕತೆ ಬೇರೆ.)

ಆದ್ರೆ ಇದರಿಂದ ಗೊತ್ತಾಗೋದು ಅಜ್ಜ ನೋಡಿದ ವರ್ಷ, ಸಿನಿಮಾ ಬಿಡುಗಡೆಯಾದ ವರ್ಷ ಅಲ್ಲ. ಘಟ್ಟ ಇಳಿದು ಹತ್ತಿ ಟೂರಿಂಗ್ ಟಾಕೀಸಿಗೆ ರೀಲಿನ ಪೆಟ್ಟಿಗೆ ಬರುವಷ್ಟರಲ್ಲಿ ಸಿನಿಮಾಕ್ಕೆ ಸುಮಾರು ವಯಸ್ಸಾಗಿರ್ತಿತ್ತು. ಹಾಗಾಗಿ ಬಿಡುಗಡೆಯ ತಾರೀಖಿಗೆ ಆವತ್ತಿನ ಪೇಪರ್ ಜಾಹೀರಾತು ನೋಡಿ, 1948ರಿಂದ ಪ್ರಜಾವಾಣಿ ಇದೆ, ಹುಬ್ಬಳ್ಳಿ ಕಡೆಯ ಸುದ್ದಿಗೆ ಸಂಯುಕ್ತ ಕರ್ನಾಟಕ, 1965ರ ಆಮೇಲಿನದಕ್ಕೆ ಸುಧಾ ವಾರಪತ್ರಿಕೆ. ಹಳೇ ಸಂಪುಟ ಎಲ್ಲಿದೆ ಅಂತ ಜಿಲ್ಲಾ ಗ್ರಂಥಾಲಯದಲ್ಲಿ ವಿಚಾರಿಸಿ. ಘಟ್ಟದ ಮೇಲಿನವರಿಗೆ ಸಾಗರದ ಹತ್ರ ಹೆಗ್ಗೋಡಿನ ನೀನಾಸಂ ಕೂಡ ದೂರ ಅಲ್ಲ, ನಾಟಕದ ಜೊತೆಗೇ ಚಿತ್ರ ಸಮಾಜ ನಡೆಸಿದ ಜಾಗ ಅದು, ಅಲ್ಲಿ ಓಡಾಡಿದ ಹಿರಿಯರ ಹತ್ರ ಕೂತ್ರೆ ಒಂದು ಮಧ್ಯಾಹ್ನ ಹೋದದ್ದೇ ಗೊತ್ತಾಗೋದಿಲ್ಲ.

ರೆಕಾರ್ಡ್ ಮಾಡುವಾಗ ಊಟ ಆಗಿ ಕವಳ ಹಾಕಿ ಕೂತ ಹೊತ್ತು ನೋಡ್ಕೊಳಿ, ಮಾತು ಹರಿಯೋದು ಆವಾಗಲೇ. ಫೋನನ್ನ ಮಡಚಿದ ಟವೆಲ್ ಮೇಲೆ ಅವರ ಹತ್ರ ಇಡಿ, ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ. ಜುಲೈನಲ್ಲಿ ತಗಡಿನ ಮಾಡಿನ ಕೆಳಗೆ ಕೂರ್ಬೇಡಿ, ಆಮೇಲೆ ಕೇಳಿದ್ರೆ ಮಳೆ ಮಾತ್ರ ಕೇಳ್ಸತ್ತೆ.

ಬರ್ಯೋದು

ಈಗ ಪಟ್ಟಿ ಮುಂದೆ ಇಟ್ಕೊಂಡು ಕಾಲಂಗಳನ್ನ ಮೇಲಿಂದ ಕೆಳಗೆ ನೋಡಿ. ಹೆಸರು ಯಾವ ಕಾಲಂನಿಂದ ಯಾವ ಕಾಲಂಗೆ ಯಾವಾಗ ಸರೀತು? ಅದೇ ಅವರ ವೃತ್ತಿಯ ಕತೆ. ಅಯ್ಯರ್ ಅವರದ್ದು ನೋಡಿ: ಹುಡುಗ ಇದ್ದಾಗಲೇ ಗುಬ್ಬಿ ವೀರಣ್ಣನವರ ಕಂಪನಿ, 1943ರಲ್ಲಿ ರಾಧಾರಮಣದಲ್ಲಿ ನಟ (ಬಾಲಕೃಷ್ಣ ಅವರಿಗೂ ಅದೇ ಮೊದಲ ಸಿನಿಮಾ), 1954ರಲ್ಲಿ ಬರಹಗಾರ, 1960ರಲ್ಲಿ ಬರಹಗಾರ ಮತ್ತು ನಿರ್ಮಾಣದ ಪಾಲುದಾರ, 1962ರಲ್ಲಿ ಭೂದಾನದಿಂದ ನಿರ್ದೇಶಕ. ತೆರೆಗೆ ಬಂದು ನಿರ್ದೇಶನದ ಕುರ್ಚಿ ಸಿಗೋಕೆ 19 ವರ್ಷ. ಈ ಒಂದು ಲೆಕ್ಕ "ಅಪಾರ ಕಷ್ಟಪಟ್ಟು ಮೇಲೆ ಬಂದರು" ಅನ್ನೋ ಹತ್ತು ಸಾಲಿಗಿಂತ ಹೆಚ್ಚು ಹೇಳತ್ತೆ. ಭೂದಾನದಲ್ಲಿ ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರೂ ಒಟ್ಟಿಗೆ ಇದಾರೆ, ನಿರ್ದೇಶನಕ್ಕೆ ಹೊಸಬರಾದವರ ಮಾತಿಗೆ ಆ ಮೂವರು ಒಂದೇ ಸಿನಿಮಾಕ್ಕೆ ಬಂದರು ಅಂದ್ರೆ ಅಷ್ಟು ವರ್ಷದ ಒಡನಾಟ ಎಷ್ಟು ಗಟ್ಟಿ ಇರ್ಬೇಕು ಅಂತ ಓದೋರಿಗೆ ತಾನಾಗೇ ತಿಳಿಯತ್ತೆ.

ಆಮೇಲೆ ಕಿಲಾಡಿ ರಂಗ (1966), ಮೈಸೂರು ಟಾಂಗಾ (1968) ಥರದ ಜನ ನೋಡೋ ಸಿನಿಮಾಗಳು. ಇವುಗಳನ್ನ ಹಾರಿಸಿ 1975ರ ಹಂಸಗೀತೆಗೆ ನೆಗೆಯೋದು ಎಲ್ಲರೂ ಮಾಡೋ ಕೆಲಸ, ನನಗೆ ಕೇಳಿದ್ರೆ ಅದು ಅನ್ಯಾಯ. ಟಾಂಗಾ ಸಿನಿಮಾ ಮಾಡಿದವರೇ ಸಂಗೀತಗಾರನ ಸಿನಿಮಾ ಮಾಡಿದ್ದು ಹೇಗೆ ಅನ್ನೋದೇ ಇಲ್ಲಿಯ ಕುತೂಹಲ, ಅದಕ್ಕೆ ಉತ್ತರ ಮಧ್ಯದಲ್ಲಿ ಹುಡುಕ್ಬೇಕು. ನಿರ್ಮಾಣದ ಕಾಲಂ ನೋಡಿ: 1971ರ ವಂಶವೃಕ್ಷ. ದುಡ್ಡು ಹಾಕಿದ್ದು ಅಯ್ಯರ್, ನಿರ್ದೇಶಿಸಿದ್ದು ಬಿ.ವಿ. ಕಾರಂತ ಮತ್ತೆ ಗಿರೀಶ ಕಾರ್ನಾಡ, ಅದೇ ನಮ್ಮ ಶಿರಸಿಯಲ್ಲಿ ಯಕ್ಷಗಾನ ನೋಡ್ತಾ ಬೆಳೆದ ಕಾರ್ನಾಡ. ಇಬ್ಬರಿಗೂ ಒಟ್ಟಿಗೆ ರಾಷ್ಟ್ರೀಯ ಪ್ರಶಸ್ತಿ ಬಂತು. ಅಲ್ಲಿಂದ ನಾಕು ವರ್ಷಕ್ಕೆ ತ.ರಾ.ಸು. ಅವರ ಕಾದಂಬರಿ ಆಧಾರದ ಹಂಸಗೀತೆ, ಅದರ ನಾಯಕ ಅನಂತನಾಗ್, ಅವರ ಮನೆತನ ಭಟ್ಕಳ ತಾಲೂಕಿನ ಶಿರಾಲಿಯದ್ದು. ನಿರ್ಮಾಪಕನಾಗಿ ಹೊಸ ಹುಡುಗರ ಕೆಲಸವನ್ನ ಹತ್ತಿರದಿಂದ ನೋಡಿದ್ದು ಆಮೇಲೆ ನಿರ್ದೇಶಕನಾಗಿ ದಾರಿ ಬದಲಾಯ್ಸೋಕೆ ಕಾರಣ ಆಯ್ತು ಅಂತ ನನ್ನ ಓದು. ನೀವು ಒಪ್ಪದೇ ಇರ್ಬಹುದು, ಆದ್ರೆ ಇಂಥದ್ದೊಂದು ಸ್ವಂತ ಓದು ನಿಮ್ಮ ಬರಹದಲ್ಲಿ ಇರ್ಲೇಬೇಕು, "ನನ್ನ ಓದು" ಅಂತ ಹೇಳ್ಕೊಂಡೇ ಬರೀರಿ.

ಜಿಲ್ಲೆಯ ನಂಟು ಸಿಕ್ತು ಅಂತ ಅದನ್ನೇ ಎಳೆದಾಡ್ಬೇಡಿ. ನಮ್ಮೋರಿಗೆ ಯಾರ ಸುದ್ದಿ ತೆಗೆದ್ರೂ "ಯಾವ ಊರು, ಯಾರ ಮನೆ" ಅನ್ನೋದು ಮೊದಲು, ಬರಹ ಅಲ್ಲೇ ಸಿಕ್ಕಿಹಾಕಿಕೊಂಡು ವಂಶಾವಳಿ ಆಗಿಬಿಡತ್ತೆ. ಬರಿಗಾಲಿನ ವಿಷಯನೂ ಹಾಗೇ, ಅಯ್ಯರ್ ಚಪ್ಪಲಿ ಹಾಕ್ತಿರ್ಲಿಲ್ಲ ಅನ್ನೋದು ಒಂದು ಸಾಲು ಸಾಕು.

ಪ್ರಶಸ್ತಿಯ ವರ್ಷ ಮತ್ತೆ ಕಾಪಿರೈಟು

ಪ್ರಶಸ್ತಿ ವರ್ಷದಲ್ಲಿ ಎಲ್ಲರೂ ಮುಗ್ಗರಿಸೋದು. ರಾಷ್ಟ್ರೀಯ ಪ್ರಶಸ್ತಿಗೆ ಲೆಕ್ಕ ಸೆನ್ಸಾರ್ ಆದ ವರ್ಷ, ಕೊಡೋದು ಮುಂದೆ. ಅಯ್ಯರ್ ಅವರ ಸಂಸ್ಕೃತ ಸಿನಿಮಾ ಆದಿ ಶಂಕರಾಚಾರ್ಯಕ್ಕೆ 31ನೇ ಪ್ರಶಸ್ತಿಯಲ್ಲಿ, ಅಂದ್ರೆ 1983ರ ಸಿನಿಮಾಗಳ ಲೆಕ್ಕದಲ್ಲಿ, ಅತ್ಯುತ್ತಮ ಚಿತ್ರ, ಚಿತ್ರಕಥೆ, ಛಾಯಾಗ್ರಹಣ, ಧ್ವನಿಗ್ರಹಣ ಅಂತ ನಾಲ್ಕು ಬಂತು. ಚಿತ್ರಕಥೆಯದ್ದು ಅವರಿಗೇ ಬಂದಿದ್ದು, ನಮ್ಮ ಪಟ್ಟಿಗೆ ಮುಖ್ಯ ಅದು. ಭಗವದ್ಗೀತೆ ಸಿನಿಮಾದ ಮುಂದೆ 1993 ಅಂತ ಇರತ್ತೆ, ಪ್ರಶಸ್ತಿ ಮಾತ್ರ 1992ರ ಲೆಕ್ಕದ 40ನೇದ್ದರಲ್ಲಿ. ಎರಡೂ ಸರಿ, ಯಾವುದು ಯಾವ ವರ್ಷ ಅಂತ ಬಿಡಿಸಿ ಬರೀಬೇಕು. ರಾಜ್ಯ ಪ್ರಶಸ್ತಿ ಶುರುವಾಗಿದ್ದು 1966-67ರಿಂದ, ಅದಕ್ಕೂ ಮುಂಚಿನ ಸಿನಿಮಾಕ್ಕೆ "ರಾಜ್ಯ ಪ್ರಶಸ್ತಿ ವಿಜೇತ" ಅಂತ ಎಲ್ಲಾದ್ರೂ ಕಂಡ್ರೆ ಆ ಬರಹವನ್ನೇ ನಂಬ್ಬೇಡಿ.

ಕಾಪಿರೈಟಿನ ವಿಷಯದಲ್ಲಿ ಸಿನಿಮಾಕ್ಕೆ ಒಂದು ಲೆಕ್ಕ, ಹಾಡಿಗೆ ಇನ್ನೊಂದು. ನಮ್ಮ ಕಾನೂನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ, ಹಾಗಾಗಿ 1962ರ ಭೂದಾನದ್ದು 2022ರ ಕೊನೆಗೆ ಮುಗೀತು. ಆದ್ರೆ ಬರೆದ ಹಾಡಿಗೆ, ಸಂಭಾಷಣೆಗೆ ಲೆಕ್ಕ ಬರೆದವರು ತೀರಿಕೊಂಡ ವರ್ಷದಿಂದ, ಅಯ್ಯರ್ ಬರೆದದ್ದಕ್ಕೆ 2063ರ ಕೊನೆಯ ತನಕ ಹಕ್ಕು ಇದೆ. ಅಂದ್ರೆ ಸಿನಿಮಾದ ಒಂದು ಸ್ಟಿಲ್ ಹಾಕೋಕೆ ತೊಂದ್ರೆ ಇಲ್ದೇ ಇದ್ರೂ ಪೂರ್ತಿ ಹಾಡು ಅಚ್ಚು ಮಾಡ್ಬೇಕಾದ್ರೆ ಹಕ್ಕು ಯಾರ ಹತ್ರ ಇದೆ ಅಂತ ನೋಡಿ ಕೇಳ್ಬೇಕು, ವಿಮರ್ಶೆಗೆ ಎರಡು ಸಾಲು ಎತ್ತಿ ಹೇಳಿದ್ರೆ ಅಡ್ಡಿಲ್ಲ. ಮನೆಯವರು ಕೊಟ್ಟ ಫೋಟೋ ಆದ್ರೆ ಕೊಟ್ಟವರ ಹೆಸರು ಕೆಳಗೆ ಹಾಕ್ಬೇಕಾ ಬೇಡ್ವಾ ಅಂತ ಅವರನ್ನೇ ಕೇಳಿ.

ಸಂಚಿಕೆಯವರು ಕೊನೇ ಗಳಿಗೆಗೆ "ಎರಡು ಪುಟಕ್ಕೆ ಇಳ್ಸಿಕೊಡಿ ಮಾರಾಯ್ರೆ, ಜಾಹೀರಾತು ಜಾಸ್ತಿ ಬಂತು" ಅಂತ ಫೋನ್ ಮಾಡ್ತಾರೆ, ಅದು ಆಗೇ ಆಗತ್ತೆ. ಆಗ ಮೊದಲು ಬಾಲ್ಯ ಕತ್ತರಿಸಿ, ಆಮೇಲೆ ಸನ್ಮಾನ, ಆಮೇಲೆ ಗಣ್ಯರು ಹೇಳಿದ ಮಾತು. ಪ್ರಶಸ್ತಿಗಳನ್ನ ಎರಡು ಸಾಲಿಗೆ ಇಳಿಸಿ. ಪಟ್ಟಿಯನ್ನ ಮಾತ್ರ ಬಿಟ್ಟುಕೊಡ್ಬೇಡಿ, ಅಕ್ಷರ ಸಣ್ಣ ಮಾಡ್ಸಿಯಾದ್ರೂ ಕೊನೇ ಪುಟದಲ್ಲಿ ಹಾಕ್ಸಿ, "ಎಲ್ಲಿ ನೋಡಿದ್ದು" ಕಾಲಂ ಸಮೇತ.